ಎಪ್ಪತ್ತೈದು ಸಾವಿರದ ಸಪೋರ್ಟು: ಒಂದು ಹುಟ್ಟುಹಬ್ಬದ ಪ್ರಕರಣ

ಮೈಸೂರಿನ ಕುವೆಂಪುನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕೂತು ಜನರ ತೆರಿಗೆ ರಿಟರ್ನ್ಸ್ ತುಂಬಿಕೊಡುವುದು ನನ್ನ ಕಸುಬು. ಲೆಕ್ಕ ನೋಡಿಸಲು ಬಂದವರು, ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರ ಇರುವ ಫಾರ್ಮ್ 16ರ ಜೊತೆಗೆ ಮನೆಯ ವಿಷಯವನ್ನೂ ಟೇಬಲ್ ಮೇಲೆ ಇಡುತ್ತಾರೆ. ಬೇಡ ಅನ್ನಲು ಆಗುವುದಿಲ್ಲ. ಈ ಪ್ರಕರಣ ಹಾಗೆ ಬಂದದ್ದು. ಬರೆಯಲು ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರನ್ನು ಕೇಳಿಲ್ಲ. ಹಾಗಾಗಿ ಹೆಸರು, ಬಡಾವಣೆ, ಗಂಡಂದಿರ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಒಬ್ಬರನ್ನು ಟೀಚರ್ ಅನ್ನುತ್ತೇನೆ, ಇನ್ನೊಬ್ಬಳನ್ನು ಗೆಳತಿ.

ಇಬ್ಬರೂ ದಾವಣಗೆರೆಯಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಒಂದೇ ಬಕೆಟ್ಟು, ಒಂದೇ ಇಸ್ತ್ರಿಪೆಟ್ಟಿಗೆ, ತಿಂಗಳ ಕೊನೆಯಲ್ಲಿ ಇಬ್ಬರಿಗೂ ಸೇರಿ ಒಂದು ಪ್ಲೇಟ್ ಬೆಣ್ಣೆದೋಸೆ. ಟೀಚರ್ ಮದುವೆಯಾಗಿ ಮೈಸೂರಿಗೆ ಬಂದು ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ. ಗೆಳತಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಗಂಡ ಸಾಫ್ಟ್‌ವೇರಿನವನು. ಅವಳಿಗೆ ಐದು ವರ್ಷದ ಮಗಳು, ವರ್ಷ ತುಂಬುತ್ತಿರುವ ಮಗ. ಇಬ್ಬರ ಹುಟ್ಟಿದ ದಿನಕ್ಕೂ ನಡುವೆ ಹನ್ನೊಂದೇ ದಿನ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಟೀಚರ್ ನನ್ನ ಕೋಣೆಗೆ ಬಂದು ಫೋನನ್ನು ನನ್ನ ಕೈಗೇ ಕೊಟ್ಟರು. "ಅಕ್ಕಾ, ಇದನ್ನ ಓದಿ. ನಾನು ತಪ್ಪು ತಿಳ್ಕೊಂಡಿದೀನಾ ನೋಡಿ."

ವಾಟ್ಸಾಪಿನಲ್ಲಿ ಒಂದು ಪಿಡಿಎಫ್, ಏಳು ನಿಮಿಷದ ಒಂದು ವಾಯ್ಸ್ ಮೆಸೇಜು, ಕೆಳಗೆ ಮೂರು ಸಾಲು:

"ನೋಡೇ, ಎರಡೂ ಮಕ್ಕಳದ್ದು ಸೇರಿಸಿ ಒಂದೇ ಸಲ ಮಾಡ್ತಿದೀವಿ, ಉಳಿತಾಯ ಆಗುತ್ತೆ. ನಿನ್ ಕಡೆಯಿಂದ ಒಂದು 75 ಸಪೋರ್ಟ್ ಮಾಡಿದ್ರೆ ಮಿಕ್ಕಿದ್ದು ನಾವು ನೋಡ್ಕೋತೀವಿ. ನಿನ್ ಆರ್‌ಡಿ ಹೇಗೂ ಮೆಚ್ಯೂರ್ ಆಯ್ತಲ್ಲ."

ನಾನು ಮೂರು ಕಡೆ ನಿಂತೆ. ಮೊದಲನೆಯದು "75". ಸಾವಿರ ಅನ್ನುವ ಪದ ಬಿಟ್ಟರೆ ಮೊತ್ತ ಬಸ್ ಟಿಕೆಟ್ಟಿನಷ್ಟು ಸಣ್ಣದಾಗಿ ಕಾಣುತ್ತದೆ. ಎರಡನೆಯದು "ಆರ್‌ಡಿ", ತಿಂಗಳು ತಿಂಗಳು ಕಟ್ಟಿ ಕೂಡಿಸಿದ ಉಳಿತಾಯದ ಠೇವಣಿ. ಗೆಳತಿಯ ಹತ್ತಿರ ಯಾವತ್ತೋ ಖುಷಿಗೆ ಹೇಳಿಕೊಂಡದ್ದು ಈಗ ಕೇಳಿಕೆಯ ಒಳಗೆ ಬಂದು ಕೂತಿತ್ತು. ಮೂರನೆಯದು "ಸಪೋರ್ಟ್". ಅದರ ಹತ್ತಿರ ಆಮೇಲೆ ಬರುತ್ತೇನೆ.

ಪಿಡಿಎಫ್ ಈವೆಂಟಿನವರ ಕೊಟೇಶನ್ನು. ನನ್ನ ಕಣ್ಣು ಮೊದಲು ಹೋಗುವುದೇ ಅಂಥದ್ದರ ಕಡೆ. ಹಾಲ್ ಬಾಡಿಗೆ ಸೇರಿ ಊಟ, 120 ತಟ್ಟೆ, ತಟ್ಟೆಗೆ 850ರಂತೆ 1,02,000. "ಸಮುದ್ರದೊಳಗಿನ ಲೋಕ" ಅನ್ನುವ ಥೀಮಿನ ಅಲಂಕಾರ, ಬಲೂನ್ ಕಮಾನು, ಮಕ್ಕಳ ಹೆಸರಿನ ಲೈಟು, ಬಾಗಿಲಲ್ಲಿ ಥರ್ಮಾಕೋಲಿನ ತಿಮಿಂಗಿಲ: 55,000. ಫೋಟೋ, ವಿಡಿಯೋ 35,000. ಆಂಕರ್, ಮ್ಯಾಜಿಕ್ಕು, ಟ್ಯಾಟೂ ಹಾಕುವವರು 28,000. ಆರು ಕೆಜಿ ಕೇಕು 12,000. ರಿಟರ್ನ್ ಗಿಫ್ಟು 45 ಮಕ್ಕಳಿಗೆ 450ರಂತೆ 20,250. ಇದರ ಕೆಳಗೆ ಗೆಳತಿಯೇ ಕೈಯಲ್ಲಿ ಬರೆದು ಫೋಟೋ ತೆಗೆದು ಸೇರಿಸಿದ ಎರಡು ಸಾಲು: ನಾಲ್ವರಿಗೂ ಒಂದೇ ಬಣ್ಣದ ಬಟ್ಟೆ 18,000, ಇನ್ವಿಟೇಶನ್ ವಿಡಿಯೋ 1,500. ಒಟ್ಟು 2,71,750. ತೆರಿಗೆ ಬೇರೆ. ಎರಡು ಹುಟ್ಟುಹಬ್ಬ ಸೇರಿಸಿ ಮಾಡಿದ ಉಳಿತಾಯ ಇದು.

ಇನ್ನು ಟೀಚರ ಮನೆಯ ಲೆಕ್ಕ. ಅವರ ಸಂಬಳ ಕೈಗೆ ಬರುವುದು 24,000. ಗಂಡ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಾರೆ, 31,000. ಬಾಡಿಗೆ 11,000, ಸ್ಕೂಟರಿನ ಕಂತು, ಅತ್ತೆಯ ಶುಗರ್ ಮಾತ್ರೆ. ಆರ್‌ಡಿ ಎಂದರೆ ತಿಂಗಳಿಗೆ 3,000ದಂತೆ 36 ತಿಂಗಳು ಕಟ್ಟಿದ್ದು, ಬಡ್ಡಿ ಸೇರಿ ಹತ್ತಿರ ಹತ್ತಿರ 1,19,000. ಅದರಲ್ಲಿ 62,000 ಜೂನ್‌ನಲ್ಲಿ ಮಗನ ಎಂಟನೇ ಕ್ಲಾಸಿನ ಫೀಸಿಗೆ. ಉಳಿದದ್ದು, ಅವರದೇ ಮಾತಿನಲ್ಲಿ, "ಏನಾದ್ರೂ ಆದ್ರೆ". ಆ "ಏನಾದ್ರೂ"ವಿನ ಪಟ್ಟಿಯಲ್ಲಿ ಥರ್ಮಾಕೋಲಿನ ತಿಮಿಂಗಿಲ ಇರಲಿಲ್ಲ.

ಇಷ್ಟಕ್ಕೇ ಆಗಿದ್ದರೆ ಟೀಚರ್ ನನ್ನ ಹತ್ತಿರ ಬರುತ್ತಿರಲಿಲ್ಲ. ಅವರನ್ನು ಕಟ್ಟಿಹಾಕಿದ್ದು 2019ರ ಒಂದು ರಾತ್ರಿ. ಟೀಚರ ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಬೇಕೆಂದಾಗ ಆಸ್ಪತ್ರೆಯ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಲು ಹಣ ಕಡಿಮೆ ಬಿತ್ತು. ಗೆಳತಿಗೆ ಫೋನ್ ಮಾಡಿ ಅತ್ತರಂತೆ, ಅಷ್ಟೆ, ಹಣ ಕೇಳಿರಲಿಲ್ಲ. ಹತ್ತು ನಿಮಿಷದೊಳಗೆ ಖಾತೆಗೆ 40,000 ಬಂತು. ಯಾವಾಗ ವಾಪಸ್ ಕೊಡ್ತೀಯ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಟೀಚರ್ ಹತ್ತು ತಿಂಗಳಲ್ಲಿ, ತಿಂಗಳಿಗೆ ನಾಲ್ಕು ಸಾವಿರದಂತೆ ಪೂರ್ತಿ ತೀರಿಸಿದರು.

"ತೀರಿಸಿದ್ದೀರಲ್ಲ, ಮತ್ತೇನು?" ಎಂದೆ.

"ಸಾಲ ತೀರ್ತು ಅಕ್ಕ. ಋಣ ತೀರುತ್ತಾ?"

ಇದಕ್ಕೆ ನನ್ನ ಸಾಫ್ಟ್‌ವೇರಿನಲ್ಲಿ ಕಾಲಂ ಇಲ್ಲ.

ಹಣದ ಹೆಸರು

ನಾನು ಅವರಿಗೆ ಹೇಳಿದ್ದು ಒಂದೇ. ಕೊಡುವುದೋ ಬಿಡುವುದೋ ಆಮೇಲೆ ನೋಡೋಣ, ಮೊದಲು ಈ ಹಣದ ಹೆಸರೇನು ಹೇಳಿ. ನಮ್ಮಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಣಕ್ಕೆ ಹೆಸರಿಲ್ಲದೆ ಇರುವುದಿಲ್ಲ. ಕೈಗಡ ಅನ್ನುತ್ತೇವೆ, ಉಡುಗೊರೆ ಅನ್ನುತ್ತೇವೆ, ಮುಯ್ಯಿ ಅನ್ನುತ್ತೇವೆ, ಪಾಲು ಅನ್ನುತ್ತೇವೆ. ಹೆಸರು ಬೇರೆಯಾದರೆ ನಿಯಮವೂ ಬೇರೆ.

ಕೈಗಡವಾದರೆ ವಾಪಸ್ ಬರಬೇಕು. ಬರುವ ದಿನ ಹೇಳಿರಬೇಕು. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅಡ್ಡಿಯಿದೆ. ಬ್ಯಾಂಕಿನ ಮೂಲಕವೇ ಹೋಗಬೇಕು. ಮೀರಿದರೆ ದಂಡ ಬೀಳುವುದು ತೆಗೆದುಕೊಂಡವರಿಗೆ, ಅದೂ ಸಾಲದಷ್ಟೇ ಮೊತ್ತ. ಕೊಟ್ಟ ಹಣ ಬರದಿದ್ದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆಮೇಲೆ ವಾಯಿದೆ ಮೀರುತ್ತದೆ. ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿನಲ್ಲಿ ಸ್ನಾನ ಮಾಡಿದವಳ ಮೇಲೆ ಯಾರು ದಾವೆ ಹೂಡುತ್ತಾರೆ ಅನ್ನುವುದು ಬೇರೆ ಮಾತು.

ಉಡುಗೊರೆಯಾದರೆ ವಾಪಸ್ಸಿನ ಮಾತಿಲ್ಲ. ಆದರೆ ಅದಕ್ಕೂ ಒಂದು ಕೊಕ್ಕೆ ಇದೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ಮೀರಿ ಬಂದ ಹಣ, ಮೀರಿದ ಭಾಗ ಮಾತ್ರವಲ್ಲ, ಪೂರ್ತಿಯಾಗಿ ತೆಗೆದುಕೊಂಡವರ ಆದಾಯಕ್ಕೆ ಸೇರುತ್ತದೆ. ಮದುವೆಯಲ್ಲಿ ಬಂದ ಉಡುಗೊರೆಗೆ ವಿನಾಯಿತಿ ಇದೆ, ಹುಟ್ಟುಹಬ್ಬಕ್ಕೆ ಇಲ್ಲ. ಮಗುವಿನ ಹೆಸರಿಗೆ ಬಂದರೂ ಅಪ್ಪ ಅಮ್ಮಂದಿರಲ್ಲಿ ಹೆಚ್ಚು ಆದಾಯ ಇರುವವರ ಲೆಕ್ಕಕ್ಕೆ ಕೂಡಿಸುತ್ತಾರೆ. ಸಂಬಂಧಿಕರು ಯಾರು ಎಂದು ಕಾನೂನು ಪಟ್ಟಿಯನ್ನೇ ಕೊಟ್ಟಿದೆ. ಅದರಲ್ಲಿ ಅಣ್ಣತಮ್ಮ, ಅಕ್ಕತಂಗಿ ಇದ್ದಾರೆ. ಹಾಸ್ಟೆಲಿನ ಗೆಳತಿ ಇಲ್ಲ. ಇದನ್ನು ಹೇಳುವಾಗ ನನಗೆ ಇದು ಬರೀ ತೆರಿಗೆಯ ವಿಷಯ ಅನ್ನಿಸಿತ್ತು.

ಮುಯ್ಯಿಯ ವಿಷಯ ಬಂದಾಗ ಟೀಚರ್ ನಕ್ಕರು. ಅವರ ಅಮ್ಮನ ಮುಯ್ಯಿ ಪುಸ್ತಕ ಈಗ ಇವರ ಹತ್ತಿರವೇ ಇದೆಯಂತೆ. ಮಾರನೆಯ ದಿನ ತಂದು ತೋರಿಸಿದರು. ಕೆಂಪು ರಟ್ಟಿನ ಉದ್ದ ನೋಟ್‌ಬುಕ್ಕು, ಮೂಲೆಯಲ್ಲಿ ಎಣ್ಣೆಯ ಕಲೆ. ಎಡಕ್ಕೆ ಹೆಸರು, ಊರು. ಬಲಕ್ಕೆ "ಸ್ಟೀಲ್ ಬೋಸಿ 1", "ರೂ 11", "ಬ್ಲೌಸ್ ಪೀಸ್, ತೆಂಗಿನಕಾಯಿ", "ರೂ 51". ತಿರುಗಿ ಮಾಡಿದ್ದಕ್ಕೆ ಅಡ್ಡಗೆರೆ. ಒಂದು ಕಡೆ 11ರ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ "21 ಮಾಡಿದೆ" ಎಂದಿತ್ತು. ಉತ್ತರ ಕರ್ನಾಟಕದ ಕಡೆ ಇದನ್ನೇ ಆಯೇರಿ ಅನ್ನುತ್ತಾರೆ. ನನ್ನ ಅಜ್ಜಿಯ ಹತ್ತಿರವೂ ಇಂಥದ್ದು ಇತ್ತು. ಮಳೆಗೆ ನೆನೆದು ಹಾಳಾದಾಗ ಅಜ್ಜಿ ಮೂರು ದಿನ ಮಂಕಾಗಿದ್ದಳು. ಯಾರ ಮನೆಗೆ ಎಷ್ಟು ಬಾಕಿ ಎಂದು ಗೊತ್ತಾಗದೆ ಬದುಕುವುದು ಹೇಗೆ ಎಂದು.

ಪುಟ ತಿರುಗಿಸುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಇಡೀ ಪುಸ್ತಕದಲ್ಲಿ ಯಾರೂ ಮೊದಲೇ ಕೇಳಿ ತೆಗೆದುಕೊಂಡದ್ದು ಒಂದೂ ಇಲ್ಲ. ಕರೆಯುವವರು ಕರೆಯುತ್ತಾರೆ, ಅಷ್ಟೆ. ಎಷ್ಟು ಮಾಡಬೇಕು ಅನ್ನುವುದು ಬಂದವರ ಕೈಯಲ್ಲಿ. ಚಪ್ಪರ ಬಿಚ್ಚಿದ ಮೇಲೆ ಮನೆಯವರು ಕೂತು ಬರೆದುಕೊಳ್ಳುತ್ತಾರೆ. ಇನ್ನು ಮುಂಚೆಯೇ ಆಗುವ ಸಹಾಯವೂ ಇತ್ತು. ಪಕ್ಕದ ಮನೆಯಿಂದ ಹಂಡೆ, ಕೊಪ್ಪರಿಗೆ, ಹಾಲು, ಚಪ್ಪರಕ್ಕೆ ಗಳ, ಎರಡು ದಿನದ ಮೈಕೆಲಸ. ಅದನ್ನು ಯಾರೂ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

ಈಗ ಬಂದಿರುವ "ಸಪೋರ್ಟ್" ಇವುಗಳಲ್ಲಿ ಯಾವುದು? ಮುಂಚೆಯೇ ಕೇಳುತ್ತದೆ, ಆದ್ದರಿಂದ ಮುಯ್ಯಿಯಲ್ಲ. ಮೊತ್ತವನ್ನು ಕೇಳುವವರೇ ಹೇಳುತ್ತಾರೆ, ಆದ್ದರಿಂದ ಉಡುಗೊರೆಯಲ್ಲ. ವಾಪಸ್ಸಿನ ಮಾತೇ ಇಲ್ಲ, ಆದ್ದರಿಂದ ಕೈಗಡವೂ ಅಲ್ಲ. ನೆಂಟರ ಮನೆಯ ಸಮಾರಂಭವಲ್ಲ, ಪಾಲು ಹೇಗಾದೀತು? ಆ ಪದ ಬಂದ ಮೇಲೆ ಕೇಳುವುದು ಸುಲಭವಾಗಿದೆ, ಉತ್ತರ ಹೇಳುವುದು ಕಷ್ಟವಾಗಿದೆ. ಸಾಲ ಕೇಳಿದರೆ ಇಲ್ಲ ಅನ್ನಬಹುದು. ಸಪೋರ್ಟ್ ಕೇಳಿದಾಗ ಇಲ್ಲ ಅಂದರೆ ವಿರೋಧಿಸಿದ ಹಾಗಾಗುತ್ತದೆ.

ನನ್ನ ಮೊದಲ ಸಲಹೆ, ಅದರ ತಪ್ಪು

ನಾನು ಅವತ್ತು ಹೇಳಿದ್ದು ಇಷ್ಟು. "ಆಗಲ್ಲ ಅಂತ ಬರೀರಿ. ಒಂದೇ ಸಾಲು. ಕಾರಣ ಕೊಡಬೇಡಿ. ಕಾರಣ ಕೊಟ್ರೆ ಕಾರಣಕ್ಕೆ ಪರಿಹಾರ ಹುಡುಕ್ತಾರೆ. ಫೀಸು ಅಂದ್ರೆ ಕಂತಿನಲ್ಲಿ ಕಟ್ಟು ಅಂತಾರೆ." ಬೇಕಾದರೆ ಮಕ್ಕಳಿಗೆ ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೋಗಿ ಊಟ ಮಾಡಿಕೊಂಡು ಬನ್ನಿ ಎಂದೆ.

ಈ ಕಸುಬಿನಲ್ಲಿ ಹೀಗೆ ಆಗುತ್ತದೆ. ಕೊಟೇಶನ್ನು ಓದಿ ಮನುಷ್ಯರನ್ನು ಅಳೆಯುವ ಚಟ. ಬಲೂನಿನ ಸಾಲು ನೋಡಿದ ತಕ್ಷಣ ನಾನು ಗೆಳತಿಯನ್ನು ಷೋಕಿಯವಳು ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವಳ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೆ ಎರಡು ಹುಟ್ಟುಹಬ್ಬ ನಡೆಯುತ್ತವಂತೆ. ಮಗಳು ಎಲ್ಲದಕ್ಕೂ ಹೋಗಿ ರಿಟರ್ನ್ ಗಿಫ್ಟ್ ತಂದಿದ್ದಾಳೆ. ಇವರ ಸರದಿ ಬಂದಾಗ ಮಾಡದೆ ಇರಲು ಆಗುತ್ತದೆಯೇ? ಅದೂ ಒಂದು ಮುಯ್ಯಿಯೇ, ಪುಸ್ತಕ ಇಲ್ಲದ್ದು. ಇಷ್ಟು ಅರ್ಥವಾದದ್ದೇ ನನಗೆ ಸಾಕಾಗಿತ್ತು.

ಟೀಚರ್ ಉತ್ತರ ಬರೆಯಲಿಲ್ಲ. ನಾಲ್ಕು ದಿನ ಬಿಟ್ಟು ಬಂದರು. "ಅಕ್ಕಾ, ನೀವು ವಾಯ್ಸ್ ಮೆಸೇಜು ಕೇಳ್ಲೇ ಇಲ್ಲ" ಎಂದರು.

ನಿಜ. ಏಳು ನಿಮಿಷದ ಮೆಸೇಜು ಯಾರು ಕೇಳುತ್ತಾರೆ? ಕೂತು ಕೇಳಿದೆ. ಮೊದಲ ನಾಲ್ಕು ನಿಮಿಷ ಹಾಲ್ ಬಾಡಿಗೆ, ಊಟ, ಡೆಕೊರೇಟರು ಕೊಟ್ಟ ಡಿಸ್ಕೌಂಟು. ಹಿಂದೆ ಕುಕ್ಕರಿನ ಸೀಟಿ, ಮಗುವಿನ ರಗಳೆ. ಐದನೆಯ ನಿಮಿಷದಲ್ಲಿ ದನಿ ಸ್ವಲ್ಪ ಇಳಿಯಿತು.

"ಬೆಳಿಗ್ಗೆ ಮನೇಲಿ ಪುಟ್ಟಂಗೆ ಕಿವಿ ಚುಚ್ಚಿಸ್ತೀವಿ ಕಣೇ. ಅಣ್ಣ ಬರಲ್ಲ, ನಿಂಗೊತ್ತಲ್ಲ. ನಿಮ್ಮ ಮನೆಯವ್ರನ್ನೇ ಸೋದರಮಾವ ಅಂತ ಕೂರಿಸೋಣ ಅಂದ್ಕೊಂಡಿದೀನಿ. ಅತ್ತೆ ಕಡೆಯವ್ರೆಲ್ಲ ಚೈನು, ಬಳೆ ತರ್ತಾರೆ. ನನ್ ಕಡೆಯಿಂದ ಏನೂ ಇಲ್ಲ ಅಂದ್ರೆ... ನಿನ್ನ ನಾನು ತವರಿನವಳು ಅಂತಾನೇ ಅಂದ್ಕೊಂಡಿರೋದು. ಸರಿ, ಕೇಕ್ ಆರ್ಡರ್ ಮಾಡ್ಬೇಕು, ಬೇಗ ಹೇಳು."

ಇಷ್ಟೇ. ಮತ್ತೆ ಕೇಕಿನ ಫ್ಲೇವರಿಗೆ ಹೋದಳು.

ಅಣ್ಣ ಯಾಕೆ ಬರಲ್ಲ? ಟೀಚರ್ ಹೇಳಿದರು. ಗೆಳತಿಯ ತವರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಎರಡು ವರ್ಷದ ಹಿಂದೆ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದು ಸಹಿ ಹಾಕು ಎಂದ. ನಮ್ಮಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅರಿಶಿನ ಕುಂಕುಮಕ್ಕೆ ಎಂದು ಒಂದು ಸೀರೆ, ಒಂದಿಷ್ಟು ಹಣ ಕೊಟ್ಟು ತಂಗಿಯರ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕಿದವಳಿಗೆ ತವರಿನ ಬಾಗಿಲು ತೆರೆದಿರುತ್ತದೆ. ಗೆಳತಿ ಹಾಕಲಿಲ್ಲ.

ಅವಳ ಕಡೆ ಕಾನೂನು ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ 1994ರಲ್ಲೇ, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ, ತಿದ್ದುಪಡಿ ತಂದಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ವರ್ಷದ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಬದುಕಿರಬೇಕಾಗಿಲ್ಲ ಎಂದು ಬಗೆಹರಿಸಿತು. ತೋಟದಲ್ಲಿ ಪಾಲು ಕೊಡಿಸಲು ಕೋರ್ಟಿಗೆ ಆಗುತ್ತದೆ. ಮಗುವಿನ ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಲು ಅಣ್ಣನನ್ನು ಕರೆಸಲು ಆಗುವುದಿಲ್ಲ.

ಸೋದರಮಾವನ ತೊಡೆ ಎಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜವಳವಿರಲಿ, ಕಿವಿ ಚುಚ್ಚುವುದಿರಲಿ, ನಮ್ಮ ಬಹಳಷ್ಟು ಮನೆಗಳಲ್ಲಿ ಮಗುವನ್ನು ಹಿಡಿದು ಕೂರುವವನು ಅವನೇ. ಓಲೆಯೋ ರಿಂಗೋ, ಹೊಸ ಬಟ್ಟೆ, ಮಗುವಿನ ಅಮ್ಮನಿಗೆ ಸೀರೆ, ಎಲ್ಲ ಅವನ ಕಡೆಯಿಂದ. ಆ ಜಾಗ ಖಾಲಿ ಇದ್ದರೆ ಅತ್ತೆಯ ಮನೆಯವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಹಣಕ್ಕೆ ಹೆಸರು ಸಿಕ್ಕಿತು. ಅದು ತವರಿನ ಪಾಲು. ಅಣ್ಣನಿಂದ ಬರಬೇಕಾಗಿದ್ದದ್ದನ್ನು ಗೆಳತಿ ಇವರಿಂದ ಕೇಳುತ್ತಿದ್ದಾಳೆ. ಕೇಳುತ್ತಿದ್ದೇನೆ ಎಂದು ಅವಳಿಗೇ ಪೂರ್ತಿ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ತವರು ಬೇಕು ಅನ್ನುವುದಕ್ಕಿಂತ ತಿಮಿಂಗಿಲಕ್ಕೆ ಸಪೋರ್ಟ್ ಮಾಡು ಅನ್ನುವುದು ಬಾಯಿಗೆ ಸುಲಭ. ತೆರಿಗೆಯ ಪಟ್ಟಿ ಆಗ ಮತ್ತೆ ನೆನಪಾಯಿತು. ಇದೇ 75,000 ಅಣ್ಣ ಕೊಟ್ಟರೆ ಒಂದು ಪೈಸೆ ತೆರಿಗೆ ಇಲ್ಲ. ಅಣ್ಣನ ಜಾಗದಲ್ಲಿ ನಿಂತ ಗೆಳತಿ ಕೊಟ್ಟರೆ ಪೂರ್ತಿ ಆದಾಯ.

ಹೇಳಿದ ರೀತಿ

ಇದು ಗೊತ್ತಾದ ಮೇಲೆ 75,000 ಕೊಡಬಹುದು ಎಂದಾಗಲಿಲ್ಲ. ಹಣ ಇಲ್ಲದಿದ್ದದ್ದು ಇಲ್ಲದಿದ್ದ ಹಾಗೇ ಇತ್ತು. ಬದಲಾದದ್ದು ಯಾವುದಕ್ಕೆ ಇಲ್ಲ ಅನ್ನಬೇಕು, ಯಾವುದಕ್ಕೆ ಹೂಂ ಅನ್ನಬೇಕು ಎಂಬುದು. ಟೀಚರ ಗಂಡ ಆ ಸಂಜೆ ನಮ್ಮ ಮನೆಗೇ ಬಂದಿದ್ದರು. ಮಾತು ಕಡಿಮೆ, ಲೆಕ್ಕದ ಮನುಷ್ಯ. "ಕೂರೋದಕ್ಕೇನು, ಕೂರ್ತೀನಿ. ಮಗು ಅತ್ರೆ ಸಮಾಧಾನ ಮಾಡಕ್ಕೆ ಬರಲ್ಲ, ಅಷ್ಟೆ" ಎಂದರು. ಮೂವರೂ ಸೇರಿ ಒಂದು ಮೊತ್ತ ಗೊತ್ತು ಮಾಡಿದೆವು. ಮಗುವಿಗೆ ಒಂದು ಗ್ರಾಮಿನೊಳಗಿನ ಚಿನ್ನದ ರಿಂಗು, ಬಟ್ಟೆ, ಮಗಳಿಗೊಂದು ಲಂಗ, ಗೆಳತಿಗೆ ಸೀರೆ, ಹೋಗಿಬರುವ ಖರ್ಚು, ಎಲ್ಲ ಸೇರಿ 15,000 ದಾಟಬಾರದು. ಆರ್‌ಡಿಯನ್ನು ಮುಟ್ಟುವುದಿಲ್ಲ. ಟೀಚರ ಹತ್ತಿರ ಶಾಲೆಯ ಶಿಕ್ಷಕಿಯರ ಚೀಟಿಯಲ್ಲಿ ಎತ್ತಿದ ಹಣ ಸ್ವಲ್ಪ ಇತ್ತು.

ಮೆಸೇಜಿನಲ್ಲಿ ಬೇಡ, ಫೋನ್ ಮಾಡಿ ಎಂದೆ. ಬರೆದದ್ದನ್ನು ಜನ ಹತ್ತು ಸಲ ಓದುತ್ತಾರೆ, ಹತ್ತನೆಯ ಸಲಕ್ಕೆ ಅದರಲ್ಲಿ ಇಲ್ಲದ ಅರ್ಥ ಹುಟ್ಟುತ್ತದೆ. ನನ್ನ ಎದುರಿಗೇ ಮಾಡಿದರು. ಸ್ಪೀಕರ್ ಹಾಕಿರಲಿಲ್ಲ, ಈ ಕಡೆಯ ಮಾತಷ್ಟೇ ನನಗೆ ಕೇಳಿಸಿದ್ದು.

"ಲೇ, 75 ಆಗಲ್ಲ ಕಣೇ. ಸಾಲ ಅಂತಾನೂ ಆಗಲ್ಲ, ಹಾಗೇ ಕೊಡಕ್ಕೂ ಆಗಲ್ಲ."

"..."

"ಆರ್‌ಡಿ ಅವನ ಫೀಸಿಗೆ. ಅದನ್ನ ಮುಟ್ಟಲ್ಲ."

"..."

"ಇಲ್ಲ ಇಲ್ಲ, ಕೇಳು ಇಲ್ಲಿ. ಕಿವಿ ಚುಚ್ಚೋದಕ್ಕೆ ನಾವು ಹಿಂದಿನ ದಿನಾನೇ ಬರ್ತೀವಿ. ಇವ್ರು ಕೂರ್ತಾರೆ. ರಿಂಗು ನಮ್ಮದು, ಬಟ್ಟೆ ನಮ್ಮದು, ನಿನಗೆ ಸೀರೆ ನಮ್ಮದು. ಆರತಿ ತಟ್ಟೇನೂ ನಾನೇ ಮಾಡ್ಕೊಂಡು ತರ್ತೀನಿ. ಹಾಲ್ ಬಾಡಿಗೆ, ಊಟ, ಡೆಕೊರೇಶನ್ನು ನಿಮ್ಮಿಬ್ಬರ ಲೆಕ್ಕ, ಅದರಲ್ಲಿ ನನ್ನ ಸೇರಿಸ್ಬೇಡ."

ಆಮೇಲೆ ಬಹಳ ಹೊತ್ತು ಟೀಚರ್ ಏನೂ ಮಾತಾಡಲಿಲ್ಲ. ಫೋನ್ ಕಿವಿಗೆ ಒತ್ತಿಕೊಂಡು ನನ್ನ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಕೊನೆಗೆ "ಸರಿ, ಇಡ್ತೀನಿ" ಎಂದರು.

"ಏನಂದಳು?"

"ನಿನ್ನ ಅಪ್ಪಂಗೆ ಹುಷಾರಿಲ್ದಾಗ ನಾನು ಲೆಕ್ಕ ಕೇಳಿದ್ನಾ ಅಂದ್ಲು."

ನಾನು ಅಂದುಕೊಂಡಿದ್ದೆ. ಲೆಕ್ಕ ಇಟ್ಟಿಲ್ಲ ಎಂದು ಹೇಳಲು ಲೆಕ್ಕ ನೆನಪಿರಬೇಕಲ್ಲ. ಆದರೆ ಅವಳದ್ದು ಪೂರ್ತಿ ತಪ್ಪು ಎಂದೂ ನನಗೆ ಅನ್ನಿಸುವುದಿಲ್ಲ. ಆ ರಾತ್ರಿ ಅವಳು ಹತ್ತು ನಿಮಿಷದಲ್ಲಿ ಕಳಿಸಿದ್ದಳು. ಇವರು ಹತ್ತು ದಿನ ತೆಗೆದುಕೊಂಡು, ಮಧ್ಯದಲ್ಲಿ ಒಬ್ಬ ಲೆಕ್ಕದವಳನ್ನು ಕೂರಿಸಿಕೊಂಡು ಉತ್ತರ ಹೇಳಿದರು. ಆಸ್ಪತ್ರೆಯ ಕೌಂಟರೂ ಬಲೂನಿನ ಕಮಾನೂ ಒಂದೇ ತಕ್ಕಡಿಗೆ ಬರುವುದಿಲ್ಲ ಎಂದು ನಾವು ಹೇಳಬಹುದು. ಕೇಳಿಸಿಕೊಳ್ಳುವವಳಿಗೆ ತೂಕ ಬೇರೆ ಇರುತ್ತದೆ.

ಎಂಟು ದಿನ ಮಾತಿಲ್ಲ. ಒಂಬತ್ತನೆಯ ದಿನ ಟೀಚರಿಗೆ ಒಂದು ಫೋಟೋ ಬಂತು. ಮಗುವಿನ ಕಿವಿಯದು, ಬೆರಳಿಟ್ಟು ಗಾತ್ರ ತೋರಿಸಿ. ಕೆಳಗೆ ಒಂದು ಸಾಲು: "ತಿರುಪು ಇರೋದು ತಗೋ, ಹುಕ್ಕಿಂದು ಬೇಡ, ಎಳ್ಕೋತಾನೆ."

ಮೇ ತಿಂಗಳ ಆ ಭಾನುವಾರದ ವಿಷಯ ಟೀಚರ್ ಹೇಳಿದ್ದಷ್ಟೇ ನನಗೆ ಗೊತ್ತು. ಬೆಳಿಗ್ಗೆ ಅಕ್ಕಸಾಲಿಗರು ಬಂದರು. ಮಗು ಮೊದಲ ಕಿವಿಗೆ ಅಳಲಿಲ್ಲ, ಏನಾಯಿತೆಂದು ಗೊತ್ತಾಗುವಷ್ಟರಲ್ಲಿ ಆಗಿಹೋಗಿತ್ತು. ಎರಡನೆಯ ಕಿವಿಗೆ ಮನೆ ಒಂದು ಮಾಡಿತು. ಸೋದರಮಾವನ ಬಿಳಿ ಪಂಚೆಯನ್ನೂ ಒದ್ದೆ ಮಾಡಿತು. ಅತ್ತೆಯ ಕಡೆಯವರೊಬ್ಬರು "ಇವರು ಯಾರು?" ಎಂದು ಕೇಳಿದಾಗ ಗೆಳತಿ ಅಡುಗೆಮನೆಯಿಂದಲೇ "ನಮ್ಮ ಕಡೆಯವ್ರು" ಎಂದಳಂತೆ. ಯಾವ ಕಡೆ, ಯಾವ ಊರು ಎಂದು ಯಾರೂ ಮುಂದಕ್ಕೆ ಕೇಳಲಿಲ್ಲ.

ಸಂಜೆಯ ಪಾರ್ಟಿ ಕೊಟೇಶನ್ನಿನಲ್ಲಿ ಇದ್ದ ಹಾಗೇ ನಡೆಯಿತು. ಅಡ್ವಾನ್ಸ್ ಮೊದಲೇ ಕೊಟ್ಟಾಗಿತ್ತು. ಮ್ಯಾಜಿಕ್ಕಿನವನನ್ನು ಮಾತ್ರ ಬಿಟ್ಟಿದ್ದರು. ಕಡಿಮೆ ಬಿದ್ದದ್ದನ್ನು ಗಂಡ ಕ್ರೆಡಿಟ್ ಕಾರ್ಡಿಗೆ ಹಾಕಿ ಹನ್ನೆರಡು ಕಂತು ಮಾಡಿಸಿಕೊಂಡನಂತೆ. ಹಾಸ್ಟೆಲಿನ ಇನ್ನೊಬ್ಬ ಗೆಳತಿಯಿಂದ ಗೊತ್ತಾದದ್ದು. ಕಂತು ತಪ್ಪದಿದ್ದರೆ ಪರವಾಗಿಲ್ಲ. ತಪ್ಪಿ ಬಾಕಿ ಉರುಳತೊಡಗಿದರೆ ತಿಂಗಳಿಗೆ ಮೂರೂವರೆ ಶೇಕಡಾ ಆಸುಪಾಸಿನ ಬಡ್ಡಿ. ಅದು ನನ್ನ ಟೇಬಲ್ಲಿಗೆ ಬಂದ ಲೆಕ್ಕವಲ್ಲ, ಬಿಟ್ಟುಬಿಡುತ್ತೇನೆ. ಥರ್ಮಾಕೋಲಿನ ತಿಮಿಂಗಿಲದ ಬಾಲವನ್ನು ಮಕ್ಕಳು ಒಂಬತ್ತು ಗಂಟೆಯೊಳಗೆ ಮುರಿದಿದ್ದರು. ಟೀಚರ ಮಗ ಅದರ ಒಂದು ತುಂಡನ್ನು ಮೈಸೂರಿಗೆ ತಂದಿದ್ದಾನೆ.

ಆಮೇಲೆ ಇಬ್ಬರ ನಡುವೆ ಮೊದಲಿನ ಹಾಗೆ ದಿನಕ್ಕೆ ಮೂರು ಸಲ ಮಾತು ಇಲ್ಲ. ಹಬ್ಬಕ್ಕೊಂದು, ಹುಷಾರಿಲ್ಲದಾಗೊಂದು. ಸರಿಹೋಯಿತು ಎಂದು ನಾನು ಬರೆಯಲಾರೆ. ಕೆಟ್ಟಿತು ಅನ್ನುವುದಕ್ಕೂ ಆಧಾರವಿಲ್ಲ. ಜೂನ್ ಮೊದಲ ವಾರ ಟೀಚರ್ ಫಾರ್ಮ್ 16 ಕೊಡಲು ಬಂದಾಗ ಕೂತಲ್ಲೇ ಅವರ ಫೋನಿಗೆ ಮೆಸೇಜು ಬಂತು. ಓದಿ, ಉತ್ತರ ಬರೆದು, ನನಗೆ ತೋರಿಸಿದರು.

"ಫೀಸ್ ಕಟ್ಟಿದ್ಯಾ?"

"ಕಟ್ಟಿದೆ."

"ಎಷ್ಟಾಯ್ತು?"

"62."